ನಾಲ್ಕನೇ ನಂಬರ್ ದಾಟಿತೇ?

ಬಹ್ರೇನ್‌ನಲ್ಲಿ ಹಿಮದ ನಾಯಿಗಳ ಬಂಡಿ ಓಟ ನಡೆಯುತ್ತದೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಮನೆಯಲ್ಲೇ ಅಂಥದೊಂದು ನಾಯಿ ಇರದಿದ್ದರೆ ನಾನೂ ನಂಬುತ್ತಿರಲಿಲ್ಲ.

ಗುಫೂಲ್ ಬಡಾವಣೆಯ ನಮ್ಮ ಕಟ್ಟಡದಲ್ಲಿದ್ದ ಒಂದು ಸಂಸಾರ ಕೆಲಸದ ಕರಾರು ಮುಗಿದು ತನ್ನ ದೇಶಕ್ಕೆ ಹೊರಟಾಗ ಸೋಫಾ ಮಾರಿತು, ಫ್ರಿಜ್ ಮಾರಿತು. ಮಾರಾಟವಾಗದೆ ಉಳಿದದ್ದು ಹಸ್ಕಿ ನಾಯಿ. ನನ್ನ ಹೆಂಡತಿ ನರ್ಸ್. ಯಾರೂ ನೋಡಿಕೊಳ್ಳದ್ದನ್ನು ನೋಡಿಕೊಳ್ಳುವುದು ಅವಳ ಕೆಲಸವೂ ಹೌದು, ಚಟವೂ ಹೌದು. "ಒಂದು ವಾರ ಮಾತ್ರ" ಎಂದು ತಂದಳು. ಆ ವಾರ ಇನ್ನೂ ಮುಗಿದಿಲ್ಲ. ನಾಯಿಗೆ ಸೆಖೆಯಾಗಬಾರದೆಂದು ಎ.ಸಿ. ಹದಿನೆಂಟಕ್ಕೆ ಇಳಿಯಿತು. ಹೊರಗೆ ಚಪ್ಪಲಿ ಡಾಂಬರಿಗೆ ಅಂಟುವ ಜುಲೈ ತಿಂಗಳಲ್ಲಿ ನಾನು ಸ್ವೆಟರ್ ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದೆ. ನನ್ನ ಮನೆಮಾತು ತುಳು, ಅವಳದು ಕೊಂಕಣಿ. ಪ್ರೀತಿಗೆ ಯಾವುದಾದರೂ ಆಗುತ್ತದೆ, ಜಗಳಕ್ಕೆ ಮಾತ್ರ ಕನ್ನಡ. ಅದರಲ್ಲಿ ಇಬ್ಬರಿಗೂ ಸಮಾನ ಅವಕಾಶ. ನಾಯಿ ಬಂದ ಮೇಲೆ ನಮ್ಮ ಮನೆಯಲ್ಲಿ ಕನ್ನಡ ಬಹಳ ಬೆಳೆಯಿತು.

ಹೀಗೆ ಹಸ್ಕಿ ಸಾಕಿ ಬೇಸತ್ತವರನ್ನೆಲ್ಲ ಒಟ್ಟುಗೂಡಿಸಿದವರು ಹಿಮ ಬೀಳುವ ದೇಶದಿಂದ ಬಂದಿದ್ದ ಒಬ್ಬ ಶಾಲಾ ಟೀಚರ್. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಅವರ ಊರಿನ ಕಡೆ ನಾಯಿಗಳು ಜಾರುಬಂಡಿ ಎಳೆದುಕೊಂಡು ದಿನಗಟ್ಟಲೆ ಹಿಮದ ಬಯಲಿನಲ್ಲಿ ಓಡುತ್ತವಂತೆ. ಇಲ್ಲಿ ಜಾರುಬಂಡಿಗೆ ದಪ್ಪ ಟಯರಿನ ಮೂರು ಚಕ್ರ ಹಾಕಿ, ಬಂಡಿಗೊಂದು ನಾಯಿ ಕಟ್ಟಿ, ಜನವರಿಯ ಬೆಳಿಗ್ಗೆ ದಕ್ಷಿಣದ ಮರಳಿನಲ್ಲಿ ಬಿಡುವುದೆಂದು ತೀರ್ಮಾನವಾಯಿತು. ಸುರಕ್ಷತೆಯ ನಿಯಮಗಳನ್ನು ಮೇಡಂ ತಮ್ಮ ಊರಿನ ಓಟದಿಂದಲೇ ತಂದಿದ್ದರು. ಹಿಮಗಾಳಿ ಎಂದಿದ್ದ ಕಡೆಯೆಲ್ಲ ಪೆನ್ನಿನಿಂದ ಹೊಡೆದು ಮರಳುಗಾಳಿ ಎಂದು ಬರೆದಿದ್ದರು. ಕರಡಿ ಕಂಡರೆ ಓಡಬಾರದು ಎಂಬುದನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು.

ನನಗೆ ರೇಡಿಯೋ ಕೆಲಸ ಸಿಕ್ಕಿತು. ಹಿದ್ ಬಂದರಿನ ಬಳಿಯ ಸರಕು ಕಂಪನಿಯೊಂದರಲ್ಲಿ ದಿನವಿಡೀ ವಾಕಿ-ಟಾಕಿ ಹಿಡಿದು ಯಾರ್ಡಿನವರ ಜೊತೆ ಮಾತಾಡುವವನು ನಾನು. ಅಲ್ಲಿ ನಾನು ಕಲಿತದ್ದು ಒಂದೇ ವಿದ್ಯೆ: "ಟ್ರೇಲರ್ ಹೋಯಿತಾ?" ಎಂದು ಯಾರಾದರೂ ಕೇಳಿದರೆ "ಹೋಯಿತು" ಎನ್ನಬೇಕು. ಟ್ರೇಲರ್ ಹೇಗೂ ಯಾವಾಗಲಾದರೂ ಹೋಗಿಯೇ ಹೋಗುತ್ತದೆ. ಕೇಳಿದವನಿಗೂ ಬೇಕಾದದ್ದು ಸತ್ಯವಲ್ಲ, ಉತ್ತರ.

ಓಟದ ದಾರಿಯಲ್ಲಿ ಬಂಡಿಗಳ ಲೆಕ್ಕ ಇಡುವ ಎರಡನೇ ಪೋಸ್ಟಿನಲ್ಲಿ ನನಗೆ ಜೊತೆಗಾರನಾಗಿ ಸಿಕ್ಕವನು ಹೂರಾದ ಹೋಟೆಲೊಂದರ ಅಡುಗೆಯವನು, ಕುಂದಾಪುರದವನು, ನನಗೂ ಹೆಂಡತಿಗೂ ಹಳೆಯ ಗೆಳೆಯ. ಅವಳನ್ನು ಅಕ್ಕ ಎನ್ನುತ್ತಾನೆ. ಗಲ್ಫಿಗೆ ಬರುವ ಮೊದಲು ನಾನು ಎಮ್ಮೆಸ್ಸಿ ಮಾಡಿ ಕಾಲೇಜಿನಲ್ಲಿ ಸ್ವಲ್ಪ ಕಾಲ ಭೌತಶಾಸ್ತ್ರ ಪಾಠ ಮಾಡಿದ್ದೆನೆಂಬ ಕಾರಣಕ್ಕೆ ಅವನು ನನ್ನನ್ನು ಮಾಷ್ಟ್ರೆ ಎನ್ನುತ್ತಾನೆ. ಅದರಲ್ಲಿ ಗೌರವ ಎಷ್ಟಿದೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಓಟದ ಕ್ರಮ ಸರಳ. ಬಂಡಿಗಳು ಪಶ್ಚಿಮದ ಕಡೆಯಿಂದ ಹೊರಟು ಪೂರ್ವಕ್ಕೆ ಓಡಬೇಕು. ದಾರಿಯಲ್ಲಿ ಮೂರು ಪೋಸ್ಟ್. ಎಲ್ಲ ಬಂಡಿಗಳೂ ಒಂದು ಪೋಸ್ಟ್ ದಾಟಿದವೆಂದು ನಾವು ರೇಡಿಯೋದಲ್ಲಿ ಹೇಳಿದ ಕೂಡಲೇ ಮೇಡಂ ಹಿಂದಿನ ದಾರಿಯನ್ನು "ಮುಚ್ಚುತ್ತಿದ್ದರು". ಸಹಾಯದ ಜೀಪು ಮುಂದಕ್ಕೆ ಹೋಗುತ್ತಿತ್ತು. ಇದ್ದದ್ದು ಅದೊಂದೇ ಜೀಪು. ಬಿಸಿಲು ಏರುವ ಮೊದಲು ಎಲ್ಲ ನಾಯಿಗಳೂ ನೆರಳು ಸೇರಬೇಕು ಎಂಬುದು ಮೇಡಂ ಹೆದರಿಕೊಂಡು ಪಾಲಿಸುತ್ತಿದ್ದ ಒಂದೇ ನಿಯಮ. ಜನವರಿಯಾದರೂ ಅಷ್ಟು ಕೂದಲು ಹೊತ್ತು ಓಡುವ ಪ್ರಾಣಿಗೆ ಇಲ್ಲಿನ ಬಿಸಿಲು ಸಣ್ಣದಲ್ಲ.

ಹೆಂಡತಿಯ ಬಂಡಿ ನಾಲ್ಕನೇ ನಂಬರ್. ಹೊರಡುವಾಗ ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು.

"ನಾನು ಬರುವಾಗ ವಿಡಿಯೋ ತೆಗಿ ಮಾರಾಯ. ನಿನ್ನ ಫೋನಿನಲ್ಲಿ ತೆಗ್ದರೆ ಮಂಜು ಮಂಜು ಬರ್ತದೆ. ಮತ್ತೆ, ನಡುವೆ ತತ್ವ ಯೋಚನೆ ಮಾಡ್ಲಿಕ್ಕೆ ಹೋಗ್ಬೇಡ."

ನಾನು ಯೋಚನೆ ಮಾಡಿದೆ. ನಿಂತಲ್ಲಿ ನಿಲ್ಲಲಾಗದೆ ಪೋಸ್ಟಿನ ಬಾವುಟದ ಸುತ್ತ ತಿರುಗುತ್ತಾ ಮಾಡಿದೆ. ಅಷ್ಟರಲ್ಲಿ ದೂಳೆಬ್ಬಿಸುತ್ತಾ ಬಂಡಿಗಳ ಒಂದು ಗುಂಪು ಬಂತು, ನಾಯಿಗಳು ಒಂದಕ್ಕೊಂದು ಬೊಗಳಿದವು, ಗುಂಪು ಹೋಯಿತು. ಅದರ ಹಿಂದೆಯೇ ಒಂದೊಂದಾಗಿ ಕೆಲವು ಬಂದವು. ಗೆಳೆಯ ಅಷ್ಟು ಹೊತ್ತೂ ರಸ್ತೆ ಬದಿಗೆ ಬಂದು ನಿಂತಿದ್ದ ಚಾ ಗಾಡಿಗೆ ಹೋಗಿದ್ದ. ಎರಡು ಲೋಟ ಕರಕ್ ಚಾ ಹಿಡಿದು ಬಂದ.

"ಮಾಷ್ಟ್ರೆ, ಅಕ್ಕ ಹೋದ್ರಾ?"

"ಹೂಂ" ಎಂದೆ.

ವಿಡಿಯೋ ನೆನಪಾದದ್ದು ಆಗ. ತೆಗೆದಿರಲಿಲ್ಲ. ಮನೆಗೆ ಹೋದ ಮೇಲೆ ಕನ್ನಡ ಕೇಳಬೇಕಾಗುತ್ತದಲ್ಲ ಎಂಬ ಚಿಂತೆಯಲ್ಲಿ ಚಾ ಕುಡಿಯುತ್ತಿರುವಾಗ ರೇಡಿಯೋದಲ್ಲಿ ಮೇಡಂ ಕೇಳಿದರು. "ಎರಡನೇ ಪೋಸ್ಟ್, ನಾಲ್ಕನೇ ನಂಬರ್ ನಿಮ್ಮನ್ನು ದಾಟಿದೆಯೇ? ಮೂರನೇ ಪೋಸ್ಟಿಗೆ ಇನ್ನೂ ಬಂದಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ರೇಡಿಯೋ ಎತ್ತಿಕೊಂಡು ತನ್ನ ಇಂಗ್ಲಿಷಿನಲ್ಲಿ ಹೇಳಿದ. "ದಾಟಿದೆ ಮೇಡಂ. ನಾನೇ ಕಣ್ಣಾರೆ ಕಂಡಿದ್ದೇನೆ."

"ಸರಿ. ಹಿಂದಿನ ದಾರಿ ಮುಚ್ಚುತ್ತೇನೆ. ಜೀಪು ಮುಂದಕ್ಕೆ ಹೋಗಲಿ."

ಅವನು ಅಷ್ಟು ಖಚಿತವಾಗಿ ಹೇಳಿದ ಮೇಲೆ ನನಗೂ ಅವಳು ಹೋದದ್ದು ಚೆನ್ನಾಗಿ ನೆನಪಾಯಿತು. ಬೂದು ಬಣ್ಣದ ಜಾಕೆಟ್. ನಾಯಿಯ ನಾಲಿಗೆ ಒಂದು ಬದಿಗೆ ಹೊರಳಿತ್ತು. ಅವಳು ನನ್ನ ಕಡೆ ಎಡಗೈ ಎತ್ತಿದಳು. ಬಂಡಿಗಿಂತ ಮುಂದೆ ಮರಳಿನ ಮೇಲೆ ಅವಳ ನೆರಳು ಉದ್ದಕ್ಕೆ ಓಡುತ್ತಿತ್ತು.

ಮುಂದೆ?

ನಾನು ಸೂರ್ಯನ ಕಡೆ ನೋಡಿದೆ. ಪೂರ್ವದಲ್ಲಿ, ಬಂಡಿಗಳು ಹೋಗುವ ದಿಕ್ಕಿನಲ್ಲೇ, ಕಣ್ಣು ಕುಕ್ಕುವಂತೆ ನಿಂತಿದ್ದ. ಅವನಿಗೆ ಎದುರಾಗಿ ಓಡುವವರ ನೆರಳು ಹಿಂದೆ ಬೀಳಬೇಕು. ಮುಂದೆ ಬೀಳುವುದು ಸಂಜೆ. ಕಳೆದ ಶುಕ್ರವಾರ ಇದೇ ದಾರಿಯಲ್ಲಿ ತಾಲೀಮು ನಡೆದಿತ್ತು, ಸಂಜೆ. ಆಗಲೂ ನಾನು ಇದೇ ಬಾವುಟದ ಹತ್ತಿರ ನಿಂತಿದ್ದೆ, ಅವಳು ಅದೇ ಜಾಕೆಟ್ ಹಾಕಿದ್ದಳು.

"ರೇಡಿಯೋ ಕೊಡು" ಎಂದೆ. "ನೀನು ನಿಜವಾಗಿ ನೋಡಿದ್ದೀಯಾ?"

"ಎಂತ ಮರ್ರೆ, ನೀವ್ ಹೂಂ ಅಂದ್ರಿ ಅಲ್ದಾ? ನೀವ್ ಕಂಡ್ರೆ ನಾನ್ ಕಂಡಂಗೇ."

"ನಾನು ಕಂಡದ್ದು ಇವತ್ತಿನದ್ದಲ್ಲವೋ ಏನೋ. ನೆರಳು ತಪ್ಪಾಗಿದೆ."

ಅವನು ಚಾ ಲೋಟ ಕೆಳಗಿಟ್ಟ. "ಹ್ವಾಯ್, ಹೆಂಡ್ತಿ ಹೋದ್ರಾ ಇಲ್ಯಾ ಅಂಬುದನ್ನ್ ನೆರಳ್ ಕಂಡ್ ಹೇಳ್ತ್ರಿಯಾ? ಎಮ್ಮೆಸ್ಸಿ ಮಾಡಿದ್ದ್ ಇದ್ಕಾ?"

ನಗು ಬರುವ ಮಾತೇ. ಆದರೆ ನಾನು ಅವನ ಕೈಯಿಂದ ರೇಡಿಯೋ ತೆಗೆದುಕೊಂಡೆ. ನೆರಳಿನ ನೆನಪನ್ನಾದರೂ ಹೇಗೆ ನಂಬುವುದು? ಎಲ್ಲವನ್ನೂ ತಪ್ಪಾಗಿ ನೆನಪಿಡುವ ತಲೆ ನೆರಳೊಂದನ್ನು ಸರಿಯಾಗಿ ಇಟ್ಟುಕೊಳ್ಳುತ್ತದೆಯೇ? ಒಂದು ವೇಳೆ ಅವಳು ನಿಜವಾಗಿ ಮುಂದೆ ಹೋಗಿ ಅಲ್ಲೆಲ್ಲೋ ಬಿದ್ದಿದ್ದರೆ, ನಾನು ಜೀಪನ್ನು ಹಿಂದಕ್ಕೆ ಕಳಿಸಿದಂತಾಗುತ್ತದೆ. ಅವಳ ಫೋನು ನನ್ನ ಜೇಬಿನಲ್ಲಿ. ಅವಳ ಹತ್ತಿರ ಇದ್ದದ್ದು ಒಂದು ಬಾಟಲಿ ನೀರು. ಅದನ್ನು ಅವಳು ಮೊದಲು ನಾಯಿಗೆ ಕೊಡುತ್ತಾಳೆ ಎಂಬುದರಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇರಲಿಲ್ಲ.

"ಮೇಡಂ, ದಾರಿ ಮುಚ್ಚಬೇಡಿ" ಎಂದೆ. "ನಾಲ್ಕನೇ ನಂಬರ್ ನಮ್ಮನ್ನು ದಾಟಿದೆಯೋ ಇಲ್ಲವೋ ಖಚಿತವಿಲ್ಲ."

"ಈಗ ತಾನೇ ಕಣ್ಣಾರೆ ಕಂಡೆವು ಎಂದಿರಿ."

"ಕಂಡಿದ್ದೇವೆ. ಯಾವತ್ತು ಎಂಬುದು ಗೊತ್ತಿಲ್ಲ."

ಮೇಡಂ ಮತ್ತೆ ಕೇಳಿದರು. "ನಾಲ್ಕನೇ ನಂಬರ್ ನಿಮ್ಮ ಹೆಂಡತಿ ಅಲ್ಲವೇ?"

"ಹೌದು ಮೇಡಂ."

ಎಲ್ಲರಿಗೂ ಇದ್ದದ್ದು ಒಂದೇ ಚಾನೆಲ್. ಮೂರು ಪೋಸ್ಟಿನವರು, ಜೀಪಿನವರು, ಮುಕ್ತಾಯದ ಗೆರೆಯಲ್ಲಿ ಸ್ಪೀಕರಿಗೆ ಜೋಡಿಸಿದ ರೇಡಿಯೋ ಕೇಳುತ್ತಾ ಕೂತಿದ್ದ ಪ್ರೇಕ್ಷಕರು, ಎಲ್ಲರೂ ಇದನ್ನು ಕೇಳಿದರು. ಯಾರೋ ಒಬ್ಬರು ಬಟನ್ ಒತ್ತಿ ಬರೀ ನಕ್ಕು ಬಿಟ್ಟರು.

ಮೇಡಂ ನಗಲಿಲ್ಲ. "ಜೀಪು ಹಿಂದಕ್ಕೆ ಹೋಗಲಿ. ಮುಂದಿನ ದಾರಿಯನ್ನು ಮೂರನೇ ಪೋಸ್ಟಿನವರು ನಡೆದು ನೋಡಿ" ಎಂದರು. ಕರಡಿಯ ನಿಯಮವನ್ನು ಉಳಿಸಿಕೊಂಡಿದ್ದಕ್ಕಾಗಿ ಅವರನ್ನು ಎಷ್ಟೋ ಗೇಲಿ ಮಾಡಿದ್ದೆ. ಆ ಕ್ಷಣದ ಮಟ್ಟಿಗೆ ಎಲ್ಲವನ್ನೂ ವಾಪಸು ತೆಗೆದುಕೊಂಡೆ.

ಆಮೇಲೆ ಕಾಯುವುದು. ಬಿಸಿಲು ಏರಿತು. ಗೆಳೆಯ ಒಂದೂ ಜೋಕು ಹೇಳಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೊನೆಗೆ ಅವನೇ ಮೆಲ್ಲಗೆ, "ಮಾಷ್ಟ್ರೆ, ನಾನ್ ಕಂಡಿದ್ದೆ ಅಂದದ್ದ್ ತಪ್ಪಾಯ್ತ್" ಎಂದ.

ಜೀಪಿನವರು ಅವಳನ್ನು ನಮ್ಮಿಂದ ಹಿಂದೆ, ಒಂದನೇ ಪೋಸ್ಟಿಗೂ ನಮಗೂ ನಡುವೆ, ದಿಬ್ಬದ ಮರೆಯಲ್ಲಿ ಕಂಡರು. ಅಲ್ಲಿ ನೆಲದಿಂದ ಸ್ವಲ್ಪವೇ ಮೇಲೆ ತೈಲದ ಹಳೆಯ ಪೈಪು ಹಾದುಹೋಗುತ್ತದೆ. ಅದರ ಕೆಳಗಿನ ನೆರಳು ನಾಯಿಯ ಕಣ್ಣಿಗೆ ಬಿದ್ದಿದೆ. ಓಟ, ಬಹುಮಾನ, ಪೂರ್ವಜರ ಕೀರ್ತಿ ಯಾವುದನ್ನೂ ಲೆಕ್ಕಿಸದೆ ದಾರಿ ಬಿಟ್ಟು ಅಲ್ಲಿಗೆ ನುಗ್ಗಿ ಮಲಗಿದೆ. ಬಂಡಿ ಮಗುಚಿ ಇವಳ ಕಾಲು ಉಳುಕಿದೆ. ನೀರೆಲ್ಲ ನಾಯಿಯ ಹೊಟ್ಟೆಗೆ, ಪಾದಗಳಿಗೆ ಸುರಿದಿದ್ದಳು. ನಾಯಿ ತಂಪಾಗಿ ಮಲಗಿತ್ತು. ಅವಳ ತುಟಿ ಒಡೆದಿತ್ತು.

ಜೀಪು ನಮ್ಮ ಪೋಸ್ಟಿಗೆ ಬಂದಾಗ ನಾನು ಓಡಿಹೋದೆ. ಅವಳು ಮೊದಲು ನೀರು ಕುಡಿದಳು, ಆಮೇಲೆ ನನ್ನನ್ನು ನೋಡಿದಳು. ಜೀಪಿನ ರೇಡಿಯೋ ಅವಳಿಗೆ ಎಲ್ಲವನ್ನೂ ಹೇಳಿಯಾಗಿತ್ತು, ಇಲ್ಲವೇ ಜೀಪಿನವರು.

"ನನ್ನನ್ನು ನೋಡಿದ್ದು ಯಾವತ್ತು ಅಂತ ಗೊತ್ತಿಲ್ಲ ಅಂದಿಯಂತೆ?"

"ಅದಕ್ಕೇ ನೀನು ಸಿಕ್ಕಿದ್ದು" ಎಂದೆ.

"ಸಿಕ್ಕಿದ್ದು ಸರಿ. ಅದನ್ನು ಇಡೀ ಮರುಭೂಮಿಗೆ ಕೇಳುವ ಹಾಗೆ ಹೇಳ್ಬೇಕಿತ್ತಾ? ಹೋಗ್ಲಿ, ವಿಡಿಯೋ?"

ಇದಾಗಿ ವರ್ಷವೊಂದೇ ಕಳೆದಿದೆ, ಆದರೂ ಈಗಾಗಲೇ ಕಥೆ ಮೂರು ತುಂಡಾಗಿದೆ. ಜಾಕೆಟ್ ನೀಲಿ ಎಂದು ಅವಳು ಆಣೆ ಮಾಡುತ್ತಾಳೆ. ತಾಲೀಮಿನ ದಿನ ಗುರುವಾರವಂತೆ. ಗೆಳೆಯ ಹೂರಾದಲ್ಲಿ ಇದನ್ನು ಹೇಳುವಾಗ ನೆರಳನ್ನು ಗುರುತಿಸಿದವನು ಅವನೇ. ನಾನು ಬರೀ ಚಾ ಕುಡಿಯುತ್ತಿದ್ದ ಮಾಷ್ಟ್ರು. ಅವನು ಹೇಳುವುದನ್ನು ಕೇಳುತ್ತಾ ಕೂತರೆ ನನಗೂ ಹೌದೇನೋ ಅನಿಸುತ್ತದೆ.

ಈ ವರ್ಷ ಮತ್ತೆ ಓಟ ನಡೆಯಿತು. ನನ್ನನ್ನು ರೇಡಿಯೋದಿಂದ ತೆಗೆಯುತ್ತಾರೆಂದುಕೊಂಡಿದ್ದೆ. ಮೇಡಂ ಅದೇ ಗೆಳೆಯನ ಜೊತೆ ಅದೇ ಎರಡನೇ ಪೋಸ್ಟ್ ಕೊಟ್ಟರು. ಗೊತ್ತಿಲ್ಲ ಎನ್ನುವವರು ತಮಗೆ ಬೇಕು ಎಂದರಂತೆ. ಇಲ್ಲ, ಹಾಗೆಂದು ನನ್ನ ಹೆಂಡತಿ ಹೇಳಿದಳು, ಅಥವಾ ನಾನೇ ಅಂದುಕೊಂಡೆ.

ಅವಳು ಎಲ್ಲರಿಗಿಂತ ಹಿಂದೆ ಬಂದಳು. ನನ್ನ ಎದುರು ಬಂದವಳೇ ಬ್ರೇಕ್ ಹಾಕಿ ಬಂಡಿ ನಿಲ್ಲಿಸಿ, ಕೆಳಗಿಳಿದು, ನನ್ನ ಕೈಯಿಂದ ರೇಡಿಯೋ ಕಿತ್ತುಕೊಂಡಳು.

"ಮೇಡಂ, ನಾಲ್ಕನೇ ನಂಬರ್ ಎರಡನೇ ಪೋಸ್ಟ್ ದಾಟುತ್ತಾ ಇದೆ. ಇಲ್ಲಿರುವ ಇಬ್ಬರನ್ನು ಕೇಳಬೇಡಿ. ನಾನೇ ಹೇಳ್ತಿದ್ದೇನೆ."

ರೇಡಿಯೋ ವಾಪಸು ಕೊಡುತ್ತಾ, "ನೆರಳು ಯಾವ ಕಡೆ ಉಂಟು, ಸರಿಯಾಗಿ ನೋಡಿಟ್ಟುಕೋ" ಎಂದಳು.

ನೋಡಿದೆ. ಬಂಡಿಯ ಹಿಂದೆಯೇ ಇತ್ತು. ನಾಯಿಯೂ ಅದನ್ನು ನೋಡಿತ್ತು. ಹಗ್ಗ ಸಮೇತ ತಿರುಗಿ ಬಂದು ಅದರೊಳಗೆ ಮಲಗಿ ಕಣ್ಣು ಮುಚ್ಚಿತ್ತು. ಎಬ್ಬಿಸಲು ನಾವು ಮೂವರೂ ಸೇರಿ ತಳ್ಳಬೇಕಾಯಿತು.