ಕಂಪನಿ ವಾಪಸ್ ಕೇಳಿದ ಷೇರು

ಮುಳಬಾಗಿಲಿನಲ್ಲಿ ನಾನು ತೆರಿಗೆ ಕಾಗದ ಬರೆದುಕೊಡುತ್ತಿದ್ದ ಕಾಲ. ಹಾಸಿಗೆ ಹೊಲಿಯುವ ಪ್ಯಾರೇಜಾನ್ ಸಾಹೇಬರು ಒಂದು ಬೆಳಿಗ್ಗೆ ದಪ್ಪ ಲಕೋಟೆ ಹಿಡಿದು ಬಂದರು.

"ಸಾರ್, ನನ್ನ ಷೇರು ವಾಪಸ್ ಕೊಡಿ ಅಂತ ಕಂಪನಿಯವರು ಬರೆದವ್ರೆ. ನನ್ನಿಂದ ಏನ್ ತಪ್ಪಾಯ್ತು?"

ಓದಿ ನೋಡಿದೆ. "ತಪ್ಪೇನಿಲ್ಲ ಸಾಹೇಬ್ರೇ. ಕಂಪನಿ ಹತ್ರ ದುಡ್ಡು ಮಿಕ್ಕಿದೆ. ತನ್ನ ಷೇರನ್ನ ತಾನೇ ಪೇಟೆಗಿಂತ ಜಾಸ್ತಿ ರೇಟಿಗೆ ಕೊಂಡು ರದ್ದು ಮಾಡುತ್ತೆ. ಇಷ್ಟ ಇದ್ರೆ ಕೊಡಿ. ಇಟ್ಕೊಂಡ್ರೆ, ಒಟ್ಟು ಷೇರು ಕಮ್ಮಿಯಾಗಿ, ಕಂಪನೀಲಿ ನಿಮ್ಮ ಪಾಲು ಒಂಚೂರು ದೊಡ್ಡದಾಗುತ್ತೆ."

ಅವರಿಗೆ ಸಮಾಧಾನವಾಗಲಿಲ್ಲ. "ಕೇಳದೇನೇ ದುಡ್ಡು ವಾಪಸ್ ಕೊಡೋರನ್ನ ನಾನು ನೋಡೇ ಇಲ್ಲ ಸಾರ್. ಅಂಗಡಿ ಮುಚ್ತಾವ್ರಾ?"

"ಇಲ್ಲ, ಹೆದರಬೇಡಿ."

"ಮತ್ತೆ ಆ ದುಡ್ಡನ್ನ ಹೊಸ ಕೆಲಸಕ್ಕೆ ಯಾಕೆ ಹಾಕಲ್ಲ? ಮುಂದಕ್ಕೆ ಕೆಲಸಾನೇ ಇಲ್ವಾ?"

ನಾನು ಆ ಕಾಗದವನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ. ಸಾಹೇಬರು, "ನೀವು ಹೆದರಬೇಡಿ ಅಂದ್ಮೇಲೆ ಇಟ್ಕೊಳ್ತೀನಿ," ಎಂದು ಎದ್ದು ಹೋದರು.

ಕಂಪನಿ ಮುಚ್ಚಲಿಲ್ಲ. ಷೇರಿನ ಬೆಲೆ ಏರುತ್ತಲೇ ಹೋಯಿತು. ಅದೇ ಷೇರು ನನ್ನ ಹತ್ತಿರವೂ ಇತ್ತು. ಅವತ್ತು ಸಾಹೇಬರು ಮೆಟ್ಟಿಲಿಳಿದ ಕೂಡಲೇ ಫಾರಂ ತುಂಬಿ ಅಷ್ಟನ್ನೂ ಕಂಪನಿಗೆ ಕೊಟ್ಟುಬಿಟ್ಟಿದ್ದೆ.

"ಅವತ್ತು ನೀವು ಧೈರ್ಯ ತುಂಬಿದ್ರಿ ಸಾರ್," ಎನ್ನುತ್ತಾರೆ ಸಾಹೇಬರು, ಸಿಕ್ಕಾಗಲೆಲ್ಲ. ನಾನು ಹೂಂ ಎನ್ನುತ್ತೇನೆ.