ಕಾಡಿಗೆ ತೊಳೆದ ಮೈಲವ್ವ

ಮೇಡ್ಲೇರಿಯ ಅಂಬಿಗರ ದುರಗಪ್ಪ ತುಂಗಭದ್ರೆ ಕೆಂಪೇರಿ ದಂಡೆ ಮೀರಿದಾಗಲೂ ಹರಿಗೋಲು ಬಿಟ್ಟವನು. ಆಚೆ ದಂಡೆಯಲ್ಲಿ ಹೆಣ್ಣೊಬ್ಬಳು ಹೆರಲಾರದೆ ಒದ್ದಾಡುತ್ತಿದ್ದಾಳೆಂದು ಸುದ್ದಿ ಬಂದರೆ, ಸೂಲಗಿತ್ತಿಯಾಗಿದ್ದ ಅವನ ಹೆಂಡತಿ ಗುತ್ತೆವ್ವ ಸೆರಗು ಬಿಗಿದು ಅವನಿಗಿಂತ ಮೊದಲೇ ಹರಿಗೋಲಿನಲ್ಲಿ ಕೂತಿರುತ್ತಿದ್ದಳು. ಮಗ ಭರಮಣ್ಣ ನೀರಿನ ಬಣ್ಣ ನೋಡಿಯೇ ಹೊಳೆಯ ಹೊಟ್ಟೆಯೊಳಗಿನದನ್ನು ಹೇಳುತ್ತಿದ್ದ. ಆ ಭರಮಣ್ಣನ ಮಗಳು ಮೈಲವ್ವ. ಕೊಟ್ಟದ್ದೂ ಅದೇ ಊರಿಗೆ.

ಅವಳ ಪಾಲಿಗೆ ಬಂದ ಹೊಳೆ ಬೇರೆ. ಏಳು ವರ್ಷದ ಮೊಮ್ಮಗಳು ಅರುಣಾಳ ಎರಡೂ ಮೂತ್ರಪಿಂಡ ಸೊರಗಿದ್ದವು. ಮಗ, ಸೊಸೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ನಸುಕಿನಲ್ಲಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ಕೂಸಿನ ಜೋಕೆಯೆಲ್ಲ ಅಜ್ಜಿಯದು. ಮೊದಲು ತಿಂಗಳು ತಿಂಗಳು ಹುಬ್ಬಳ್ಳಿಯ ಬಸ್ಸು, ದಾರಿಯುದ್ದ ವಾಂತಿ. ಈಗ ಅಲ್ಲಿಯ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಫೋನಿನಲ್ಲೇ ನೋಡುತ್ತಿದ್ದರು. ಪರೀಕ್ಷೆಗೆ ರಕ್ತ ಕೊಡುವುದು ರಾಣೆಬೆನ್ನೂರಿನಲ್ಲಿ, ತೂಕ, ಬಿ.ಪಿ. ಮನೆಯಲ್ಲಿ. ಆದರೆ ಮನೆಯಲ್ಲಿ ಹದ ತಪ್ಪಿದರೆ ಕೂಸು ಮತ್ತೆ ವಾರ್ಡಿಗೆ. ಹೋದ ಸಲ ವಾರ್ಡಿನಲ್ಲಿ ಅರುಣಾ ಮಾತನ್ನೇ ಬಿಟ್ಟಿದ್ದಳು.

ಡಾಕ್ಟರು ನೋಡುತ್ತಾರೆಂದರೆ ಸುಮ್ಮನೆಯೆ? ಮೈಲವ್ವ ಕೂಸಿಗೆ ಎರೆದು, ಪೌಡರ್ ಬಳಿದು, ಕಣ್ಣಿಗೆ ದಟ್ಟ ಕಾಡಿಗೆ ತೀಡಿ, ಗಲ್ಲಕ್ಕೆ ದೃಷ್ಟಿಬೊಟ್ಟಿಟ್ಟು ಕೂಡಿಸಿದಳು. ಫೋನ್ ಹಿಡಿದ ಆಶಾ ಕಾರ್ಯಕರ್ತೆ ಶಿಲ್ಪಾ ನಕ್ಕಳು.

"ಏನ್ ಬೇ ಯಮ್ಮಾ, ಕನ್ಯಾ ನೋಡಾಕ ಬರಾಕತ್ತಾರೇನ?"

"ಮಾರಿ ಮ್ಯಾಲ ಕಳಾ ಇಲ್ಲಂದ್ರ ವಾರ್ಡಿಗೆ ಹಾಕ್ತಾರ. ನೀ ಸುಮ್ನ ಹಿಡಿ."

ಡಾಕ್ಟರಮ್ಮ ಕಾಣಿಸಿದ್ದೇ ತಡ, ಕೂಸಿನ ತೂಕ ಏರಿದ್ದನ್ನು ಹೆಮ್ಮೆಯಿಂದ ಒಪ್ಪಿಸಿದಳು. ಅವರು ನಗಲಿಲ್ಲ.

"ಅಮ್ಮಾ, ಆಕಿ ಮಾರಿ ತೊಳದು ತೋರಿಸ್ರಿ."

ತೊಳೆದಳು. ಕಾಡಿಗೆ ಹೋದ ಮೇಲೆ ರೆಪ್ಪೆಗಳು ನೆನೆದ ಕಡಲೆಯಂತೆ ಉಬ್ಬಿದ್ದು ಕಂಡಿತು. ಕಾಲಿಗೆ ಬೆರಳೊತ್ತಿದರೆ ತಗ್ಗು ಹಾಗೇ ನಿಂತಿತು. ಕೂಸಿನ ಮೈಯಲ್ಲಿ ಏರಿದ್ದು ಮಾಂಸವಲ್ಲ, ನೀರು.

"ಉಪ್ಪು ಹಾಕ್ತೀರೇನ್ರಿ?"

"ದೇವರಾಣಿ ಇಲ್ರಿ. ಸಪ್ಪನ ಅನ್ನಾನ ಕೊಡ್ತೇನಿ."

"ಬಾಳಕಾ ಕೊಡ್ತಾಳ್ರಿ!" ಎಂದಳು ಅರುಣಾ.

ಸಪ್ಪೆ ಅನ್ನಕ್ಕೆ ಮೂಗು ಮುರಿಯುವ ಕೂಸಿಗೆಂದು ಮೈಲವ್ವ ಬಾಳಕದ ಮೆಣಸಿನಕಾಯಿ ಕರಿದು, ನುರಿದು ಕಲಸುತ್ತಿದ್ದಳು. ಅದು ಉಪ್ಪುಮಜ್ಜಿಗೆಯಲ್ಲಿ ನೆನೆದು ಒಣಗಿದ್ದು. ಅನ್ನದ ಗಡಿಗೆಗೆ ಬಿದ್ದರಷ್ಟೇ ಉಪ್ಪು ಎಂದು ಅವಳ ತಿಳಿವಳಿಕೆ.

"ವಾರ್ಡಿಗೆ ಕರಸ್ತೀರೇನ್ರಿ?" ಮೈಲವ್ವ ಕೂಸನ್ನು ಮಡಿಲಿಗೆ ಎಳೆದುಕೊಂಡಳು.

"ಈಗ ಬ್ಯಾಡ. ಗುಳಿಗಿ ಬದಲಿ ಮಾಡ್ತೇನಿ. ನಾಳೆ ರಕ್ತ ಕೊಡ್ರಿ, ನಾಲ್ಕು ದಿನಕ್ಕ ಮತ್ತ ನೋಡೂಣು. ಬಾಳಕಾ ಬಂದ್, ಪೌಡರೂ ಬಂದ್!"

ಬಾಳಕದ ಡಬ್ಬಿ ಅಂದೇ ನೆರೆಮನೆ ಸೇರಿತು. ಸಪ್ಪೆ ಅನ್ನಕ್ಕೆ ಬೆಳ್ಳುಳ್ಳಿ, ಜೀರಿಗೆಯ ಒಗ್ಗರಣೆ ಬಿತ್ತು; ಕೂಸು ಬಟ್ಟಲು ನೆಕ್ಕಿತು. ಮುಂಜಾನೆ ಎದ್ದವಳೇ ಮೈಲವ್ವ ಕೂಸನ್ನು ಹೊಸ್ತಿಲ ಬೆಳಕಿಗೆ ಕೂಡಿಸಿ, ಅಪ್ಪ ಹೊಳೆ ನೋಡಿದಂತೆ ಮುಖ ನೋಡುವಳು. ದಿನೇ ದಿನೇ ರೆಪ್ಪೆ ಇಳಿಯಿತು.

ಮುಂದಿನ ಸಲ ಬರಿಮುಖದ ಅರುಣಾ ಫೋನಿನೆದುರು ಹಲ್ಲು ಕಿರಿದಳು. ರಕ್ತದ ವರದಿ ನೋಡಿದ ಡಾಕ್ಟರಮ್ಮ, "ಕೂಸು ಮನ್ಯಾಗ ಇರ್ಲಿ" ಎಂದರು.

ಶಿಲ್ಪಾಳಿಗೂ ಜೀವ ಬಂದಂತಾಯಿತು. "ಇನ್ಮ್ಯಾಲೆ ದಿನಾ ಮುಂಜಾನೆ ನಾನ ಬಂದು ನೋಡ್ತೇನಿ ಬೇ. ಬಿ.ಪಿ. ಪಟ್ಟಿನೂ ನಾನ ಕಟ್ತೇನಿ. ನೀ ಆರಾಮ ಇರು."

"ಬ್ಯಾಡವಾ," ಎಂದಳು ಮೈಲವ್ವ. "ಹರಿಗೋಲು ಒಮ್ಮೆ ಸುಳಿಗೆ ಸಿಕ್ತಂತ ನಮ್ಮಪ್ಪ ಹುಟ್ಟು ಮಂದಿ ಕೈಗೆ ಕೊಡಲಿಲ್ಲ. ಚಹಾ ಕುಡಿಯಾಕ ದಿನಾ ಬಾ. ಕೂಸಿನ ಮಾರಿ ನಾನ ನೋಡ್ತೇನಿ."