ಟೀವಿಯ ಆಕೆ ನಮ್ಮೂರ ಡೇರೆಗೆ ಬಂದ ಸಂಜೆ

ನಿಮ್ಮ ಕೈಲಾದರೆ ಇದನ್ನು ನಂಬದೆ ಓದಿ ಮುಗಿಸಿ. ನನ್ನ ಹೆಂಡತಿ ಮೂವತ್ತು ವರ್ಷದಿಂದ ಪ್ರಯತ್ನಿಸುತ್ತಿದ್ದಾಳೆ. ಪ್ರತಿ ಸಲವೂ ನಡುವೆ "ಆಮ್ಯಾಲೇನಾತು?" ಅಂತ ಕೇಳಿ ಸೋಲುತ್ತಾಳೆ.

ನಾರಾಯಣಖೇಡದ ನಮ್ಮ ಓಣಿಗೆಲ್ಲ ಆಗ ಒಂದೇ ಟೀವಿ, ತೊಗರಿ ಕೊಂಡು ಮಾರುವ ಅಡತಿ ಸಾವ್ಕಾರರ ಅಂಗಡಿಯದು. ವಾರಕ್ಕೊಂದು ಸಂಜೆ ಹಿಂದಿಯ ನಗೆ ಧಾರಾವಾಹಿ ಬರುತ್ತಿತ್ತು. ನಲವತ್ತು ದಾಟಿದ ಒಬ್ಬ ನಟಿ ಅಡುಗೆ ಮುಗಿಸುತ್ತಾಳೆ, ಸ್ಟುಡಿಯೋಗೆ ಓಡುತ್ತಾಳೆ, ಪಾರ್ಟು ಕೇಳಿ ಬೈಸಿಕೊಂಡು ಬರುತ್ತಾಳೆ. ಅಷ್ಟೇ ಕಥೆ. ಅದಕ್ಕೇ ಓಣಿ ನೆರೆಯುತ್ತಿತ್ತು. ಅಂಟೆನಾ ತಿರುಗಿಸುವ ಅಧಿಕಾರ ನನ್ನದು. ಮಾಳಿಗೆ ಮೇಲೆ ನಿಂತಾಗ ನನಗಿದ್ದ ಮರ್ಯಾದೆ ತಹಸೀಲ್ದಾರರಿಗೂ ಇರಲಿಲ್ಲ.

ಆ ವರ್ಷ ಬೀದರ್ ಕಡೆಯ ನಾಟಕ ಕಂಪನಿ ಸಂತೆ ಬಯಲಿನಲ್ಲಿ ಡೇರೆ ಹೊಡೆದಿತ್ತು. ಅದರ ನಾಯಕಿಗೂ ನಲವತ್ತು ದಾಟಿತ್ತು, ದಿನಾ ಹದಿನೆಂಟರ ರಾಜಕುಮಾರಿ ಆಗುತ್ತಿದ್ದಳು. ಧಾರಾವಾಹಿಯ ದಿನ ಮಾತ್ರ ಡೇರೆ ಖಾಲಿ. ಮೂರನೆಯ ವಾರ ಅದೇ ಹೊತ್ತಿಗೆ, ಆ ನಾಯಕಿ ಅರ್ಧ ಬಣ್ಣ ಹಚ್ಚಿಕೊಂಡೇ ನನ್ನನ್ನು ಹುಡುಕಿ ಅಡತಿ ಅಂಗಡಿಗೆ ಬಂದಳು.

"ಅಣ್ಣಾ, ಇವತ್ತೂ ಮಂದಿ ಬರ್ಲಿಲ್ಲಂದ್ರ ನಾಳಿಂದ ನನಗ ಮುದುಕಿ ಪಾರ್ಟಂತ. ಕಂಪನಿ ಮಾಲಕರು ಹೇಳ್ಯಾರ. ಒಮ್ಮಿ ಮುದುಕಿ ಆದಾಕಿನ್ನ ಮತ್ತ ಯಾರೂ ರಾಣಿ ಮಾಡಂಗಿಲ್ರಿ."

"ಟೀವಿದಾಕಿನೂ ನಿನ್ನ ವಾರಿಗಿಯಾಕಿನೇ ಅಲ್ಲೇನಕ್ಕಾ? ಪಾಪ, ಆಕಿ ಹೊಟ್ಟಿ ಮ್ಯಾಲ ಹ್ಯಾಂಗ ಹೊಡೀಲಿ?"

"ಆಕಿ ಗಾಜಿನಾಗ ಕುಂತಾಳ, ಮಂದಿ ಎದ್ದು ಹೋದ್ರೂ ಆಕಿಗಿ ಕಾಣಂಗಿಲ್ಲ. ನನಗ ಕಾಣ್ತದ್ರಿ. ಅಂಟೆನಾ ಬ್ಯಾರೆ ಕಡಿ ತಿರುಗಿಸ್ತೀರೋ ಇಲ್ಲೋ?"

ಮಾಳಿಗೆ ಹತ್ತಿ ತಿರುಗಿಸಿದೆ. ಪರದೆ ಮೇಲೆ ನುಚ್ಚು ಸುರಿದಂತಾಯಿತು. ಆದರೆ ಒಬ್ಬನೂ ಜಾಗ ಬಿಡಲಿಲ್ಲ! ಎಲ್ಲರೂ ನನಗೆ ದಿಕ್ಕು ಹೇಳತೊಡಗಿದರು.

"ಜಹೀರಾಬಾದ್ ಕಡಿ ತಿರುಗ್ಸೋ!"

"ಅಲ್ಲಲ್ಲ, ತಾಂಡೂರ ಕಡಿ!"

"ಬಂತು, ಬಂತು... ಹೋತು!"

ಧಾರಾವಾಹಿಗಿಂತ ಇದೇ ರಂಗೇರಿತು. ಹಾದಿಯಲ್ಲಿ ಹೋಗುವವರೂ ನಿಂತರು. ಡೇರೆಯ ಗಂಟೆ ಬಾರಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಕೆಳಗೆ ಅವಳ ಅರ್ಧ ಬಣ್ಣ ಬೆವರಿಗೆ ಇಳಿಯುತ್ತಿತ್ತು. ಆಗ ಮಾಳಿಗೆಯಿಂದ ನಾನು ಕೂಗಿದೆ:

"ಹುಚ್ಚರಾ, ಟೀವಿದಾಗ ಹ್ಯಾಂಗ ಕಾಣ್ತಾಳ? ಆಕಿ ನಮ್ಮೂರ ಡೇರೇಕ ಬಂದಾಳ! ನೋಡ್ರಿ, ಅಲ್ಲೇ ನಿಂತಾಳ!"

ಯಾರು ನಂಬಿದರೋ, ಯಾರು ನಂಬಿದಂತೆ ಮಾಡಿದರೋ, ಡೇರೆಯಂತೂ ತುಂಬಿತು. ಸಾವ್ಕಾರರೂ ಟೀವಿಗೆ ಬಟ್ಟೆ ಹೊದಿಸಿ ಬಂದರು.

ರಾಜಕುಮಾರಿಗೆ ಬಾಯಿ ತೆರೆಯಲು ಜನ ಬಿಡಲಿಲ್ಲ. "ಟೀವಿದಾಗಿಂದು ಈ ವಾರದ್ದು ಮಾಡಕ್ಕಾ! ಪಾರ್ಟು ಸಿಕ್ತೋ ಇಲ್ಲೋ?"

ಅವಳು ಕಿರೀಟ ತೆಗೆದಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಲ್ಲದ ಒಲೆ ಊದಿದಳು. ಆಮೇಲೆ ತನ್ನ ಮಾಲೀಕನ ಹಾಗೆ ಹೊಟ್ಟೆ ಮುಂದೆ ಮಾಡಿ ನಡೆದು, ಅವನದೇ ದನಿಯಲ್ಲಿ, "ನಿನಗ ವಯಸ್ಸಾತು, ನಾಳಿಂದ ಮುದುಕಿ ಪಾರ್ಟು" ಅಂದಳು. ಜನ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಾಲೀಕನೂ ನಕ್ಕ. ಬೇರೆ ದಾರಿ ಇರಲಿಲ್ಲ.

ಮರುದಿನವೂ ಅವಳೇ ರಾಜಕುಮಾರಿ. ಮುಂದಿನ ವಾರ ಟೀವಿ ಸರಿಹೋಯಿತು. ಸಾವ್ಕಾರರ ಹೆಂಡತಿ ಅರ್ಧ ನೋಡಿ ಎದ್ದರು. "ನಮ್ಮಾಕಿ ಮಾಡಿದ್ದೇ ಚಂದಿತ್ತು. ಈಕಿಗಿ ಬೈಸ್ಕೊಳ್ಳಾಕೂ ಬರಂಗಿಲ್ಲ."

ಇಷ್ಟೂ ನಿಜ. ಒಂದು ಮಾತ್ರ ನಾನು ಸೇರಿಸಿದ್ದು. ಮಾಳಿಗೆಯಿಂದ ಕೂಗಿದವನು ನಾನಲ್ಲ. ನಾನು ಅಂಟೆನಾ ಕಂಬ ಅಪ್ಪಿಕೊಂಡು ಏನೂ ತೋಚದೆ ನಿಂತಿದ್ದೆ. ತೊಗರಿ ಚೀಲದ ಮೇಲೆ ಹತ್ತಿ, "ಆ ಡಬ್ಬಿದಾಗ ಏನ್ ಹುಡುಕ್ತೀರಿ? ಇಲ್ಲಿ ನಿಂತೀನಲ್ರೀ" ಅಂತ ಕೂಗಿದವಳು ಅವಳೇ.